ಎಡೆದೊರೆಯ ಎಳ್ಳಮಾವಾಸ್ಯೆ

2021ನೆಯ ಇಸವಿಯ ಡಿಸೆಂಬರ್ ತಿಂಗಳ ಕೊನೆಯ ದಿನ ರಾತ್ರಿ ನಾವು ಬೆಂಗಳೂರಿನಿಂದ ರಾಯಚೂರಿಗೆ ಹೊರಟೆವು. ನಾವೆಂದರೆ ಮನೆಯ ಇಬ್ಬರು, ಗಂಡ ಹೆಂಡತಿ. ತೀರ್ಥಯಾತ್ರೆಗೆಂದು ಹೊರಟುದಲ್ಲ, ಕೋಟೆ ಕೊತ್ತಲಗಳನ್ನು ನೋಡಲೆಂದೂ ಅಲ್ಲ. ನಮ್ಮ ಮನೆಯಲ್ಲಿ ಎರಡು ವರ್ಷ ಪಾತ್ರೆ ತೊಳೆದು ನೆಲ ಒರೆಸಿ ಹೋಗುತ್ತಿದ್ದ ಹೆಣ್ಣುಮಗಳೊಬ್ಬಳು ಫೋನಿನಲ್ಲಿ, “ಎಳ್ಳಮಾಸಿಗಿ ನಮ್ಮ ಹೊಲಕ್ಕ ಬರ್ರಿ ಅಮ್ಮಾರ, ಚರಗ ಚೆಲ್ಲೋದು ನೋಡೀರಂತ” ಎಂದು ಕರೆದಿದ್ದಳು. ಹಾಗೆ ಕರೆದುದು ಅವಳ ದೊಡ್ಡತನ. ಏಕೆಂದರೆ ಲೆಕ್ಕ ಹಾಕಿದರೆ ಅವಳಿಗೆ ನಾವು ಬಾಕಿದಾರರು. ಆ ಸಂಗತಿಯನ್ನು ಮುಂದೆ ಅದರ ಸ್ಥಳದಲ್ಲಿ ಹೇಳುವೆವು.

ಕೊರೋನಾ ವ್ಯಾಧಿಯ ಎರಡು ಅಲೆಗಳು ಆಗ ಹಾದುಹೋಗಿದ್ದುವು. ಮೂರನೆಯದು ಬರುವುದೆಂಬ ಸುದ್ದಿ ಹಬ್ಬಿ, ರಾತ್ರಿಯ ಸಂಚಾರಕ್ಕೆ ನಿರ್ಬಂಧವಿದ್ದಿತು. ರೈಲಿನಲ್ಲಿ ಜನ ಮುಖವಸ್ತ್ರ ಕಟ್ಟಿಕೊಂಡು ಮೌನವಾಗಿ ಕುಳಿತಿದ್ದರು. ಗುಂತಕಲ್ಲು ಕಳೆದು, ಬೆಳಗಿನ ಜಾವದ ಚಳಿಯಲ್ಲಿ ಮಂತ್ರಾಲಯ ರೋಡ್ ನಿಲ್ದಾಣವೂ ಹಿಂದಾದ ಮೇಲೆ ಗಾಡಿ ತುಂಗಭದ್ರೆಯ ಸೇತುವೆಯನ್ನು ಏರಿತು. ಸೇತುವೆ ದಾಟಿದರೆ ರಾಯಚೂರು ಸೀಮೆ. ದಕ್ಷಿಣಕ್ಕೆ ತುಂಗಭದ್ರೆ, ಉತ್ತರಕ್ಕೆ ಕೃಷ್ಣೆ; ಎರಡು ತೊರೆಗಳ ನಡುವಣ ಈ ನೆಲವನ್ನು ಹಳೆಯ ಶಾಸನಗಳು ಎಡೆದೊರೆ ನಾಡೆಂದು ಕರೆದಿವೆ. ಇದಕ್ಕಾಗಿ ರಾಜರು ಕಾದಾಡಿದರು. 1294ರಲ್ಲಿ ಕಾಕತೀಯರ ಕಾಲಕ್ಕೆ ಕಟ್ಟಿಸಿದ ಕೋಟೆ ಇಂದಿಗೂ ಊರ ನಡುವೆ ನಿಂತಿದೆ. ಮುಂಬಯಿಯ ಕಡೆಯಿಂದಲೂ ಮದರಾಸಿನ ಕಡೆಯಿಂದಲೂ ಹಾಕುತ್ತ ಬಂದ ಕಬ್ಬಿಣದ ದಾರಿಗಳು 1871ರಲ್ಲಿ ಒಂದಾದುದು ಇದೇ ರಾಯಚೂರಿನಲ್ಲಿ.

ಇಷ್ಟೆಲ್ಲ ಇದ್ದೂ ಈ ಜಿಲ್ಲೆ ಬಡತನಕ್ಕೆ ಹೆಸರಾದುದು ವಿಚಿತ್ರವೆಂದು ಮೊದಲ ಬಾರಿ ಬಂದವರಿಗೆ ತೋರುವುದು ಸಹಜ. ಹಟ್ಟಿಯಲ್ಲಿ ಚಿನ್ನದ ಗಣಿಯಿದೆ. ಶಕ್ತಿನಗರದಲ್ಲಿ ನಾಡಿಗೆಲ್ಲ ಬೆಳಕು ಕೊಡುವ ವಿದ್ಯುತ್ತಿನ ಕೇಂದ್ರವಿದೆ. ಸಿಂಧನೂರು, ಮಾನ್ವಿಗಳ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದು ಬತ್ತದ ಗದ್ದೆಗಳು ಕಣ್ಣು ಹರಿಯುವವರೆಗೂ ಹಬ್ಬಿವೆ. ಆದರೆ ಕಾಲುವೆ ಮುಟ್ಟದ ಕಡೆ ಬೆದ್ದಲು ಭೂಮಿ. ಅಲ್ಲಿ ಮಳೆಯೇ ಒಡೆಯ. ಮಳೆ ತಪ್ಪಿದರೆ, ಬೆಳೆ ತೀರಿದರೆ, ಜನ ಗಂಟು ಕಟ್ಟಿಕೊಂಡು ಬೆಂಗಳೂರು, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುವರು. ನಮ್ಮ ನಗರದ ಎತ್ತರದ ಮನೆಗಳ ಕೆಳಗೆ, ತಗಡಿನ ಗುಡಿಸಲುಗಳಲ್ಲಿ, ಇಟ್ಟಿಗೆ ಹೊರುವ ಮಂದಿಯಲ್ಲಿ ಎಷ್ಟೋ ಜನ ಈ ಎಡೆದೊರೆಯ ಮಕ್ಕಳು. ನಮ್ಮ ಮನೆಗೆ ಬರುತ್ತಿದ್ದವಳೂ ಅಂಥ ಒಂದು ಗುಡಿಸಲಿನವಳೇ. ಗಂಡ ಗಾರೆ ಕೆಲಸದವನು.

ಬೆಳಿಗ್ಗೆ ರಾಯಚೂರಿನಿಂದ ಬಸ್ಸು ಹಿಡಿದು ಕಲ್ಮಲದ ಮೇಲೆ ದೇವದುರ್ಗದ ದಾರಿಯಲ್ಲಿ ಸಾಗಿದೆವು. ಎರೆಯ ಹೊಲಗಳಲ್ಲಿ ಹಿಂಗಾರಿಯ ಬಿಳಿಜೋಳ ಎದೆಯುದ್ದ ನಿಂತಿದ್ದಿತು. ಕೆಲವು ಕಡೆ ತೊಗರಿ ಕೊಯ್ದು ಗೂಡು ಹಾಕಿದ್ದರು. ಹೆಚ್ಚಿನ ಹೊಲಗಳಲ್ಲಿ ಹತ್ತಿ. ಹೆಣ್ಣುಮಕ್ಕಳು ಉಡಿ ಕಟ್ಟಿಕೊಂಡು ಬಿಡಿಸುತ್ತಿದ್ದರು. ಮುಖ್ಯ ರಸ್ತೆಯಿಂದ ಒಳಗೆ ಎರಡು ಹರಿದಾರಿ ಹೋದರೆ ಅವಳ ಗಂಡನ ಊರು. ಊರಿನ ಹೆಸರನ್ನೂ ಮನೆತನದ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಮನೆಯ ಗುಟ್ಟನ್ನು ನಂಬಿ ತೋರಿಸಿದವರ ಮರ್ಯಾದೆ ಕಾಯುವುದು ನಮ್ಮ ಧರ್ಮ.

ಮಣ್ಣಿನ ಮಾಳಿಗೆಯ ಮನೆ. ಏಳು ಜನರ ಸಂಸಾರ: ಅತ್ತೆ, ಮಾವ, ಗಂಡ, ಮೈದುನ, ಈ ಸೊಸೆ, ಏಳು ವರ್ಷದ ಮಗ, ಮೂರು ವರ್ಷದ ಮಗಳು. ಸೊಸೆ ಮತ್ತೆ ಗರ್ಭಿಣಿ, ಆರು ತಿಂಗಳು. ಬೆಂಗಳೂರಿನಲ್ಲಿ ನಾವು ಕಂಡಿದ್ದ ಚುರುಕು ಮೋರೆ ಬಿಳಿಚಿಕೊಂಡು, ಕಣ್ಣಿನ ಕೆಳಗೆ ನೆರಳು ಬಿದ್ದಿದ್ದಿತು. ಮೆಟ್ಟಿಲೇರಿ ಮಾಳಿಗೆಗೆ ಹೋಗಿ ಬಂದರೆ ಏದುಸಿರು. “ಏನಿಲ್ರಿ ಅಮ್ಮಾರ, ಸ್ವಲ್ಪ ತಲಿ ತಿರುಗ್ತದ” ಎಂದು ನಕ್ಕಳು.

ಅಂಗಳದಲ್ಲಿ ಒಂದು ಚಪ್ಪಡಿ ನಮ್ಮ ಕಣ್ಣಿಗೆ ಬಿದ್ದಿತು. ಅದೇನೆಂದು ಕೇಳಿದೆವು. ಹಗೇವು ಎಂದಳು ಅತ್ತೆ. ನೆಲದೊಳಗೆ ಆಳವಾಗಿ ತೋಡಿ, ಸುತ್ತ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತಿದ್ದಿತು. ಒಳಗಿನ ಗಾಳಿ ಕೆಟ್ಟು ಹುಳು ಸಾಯುವುದೇ ಅದರ ಗುಟ್ಟು. ಅದೇ ಕಾರಣದಿಂದ ಬಾಯಿ ತೆರೆದ ಕೂಡಲೆ ಯಾರೂ ಒಳಗಿಳಿಯಬಾರದು. ದೀಪ ಇಳಿಸಿ, ಅದು ಆರದೆ ಉರಿದರೆ ಮಾತ್ರ ಇಳಿಯಬೇಕು. “ನಾ ಈ ಮನಿಗಿ ಬಂದಾಗ ಎರಡು ವರ್ಷದ ಜ್ವಾಳ ಇತ್ತವ್ವಾ ಇದರಾಗ. ಈಗ ಬರೇ ಹಾಳುಗುಂಡಿ” ಎಂದಳು ಮುದುಕಿ. ಹತ್ತಿ ಬಂದ ಮೇಲೆ ಜೋಳದ ಹೊಲ ಕುಗ್ಗಿತು. ಪಡಿತರದ ಅಕ್ಕಿ ಬಂದ ಮೇಲೆ ಹಗೇವು ಬೇಡವಾಯಿತು. ಆಕೆ ದೂರಲಿಲ್ಲ, ನಡೆದುದನ್ನು ಹೇಳಿದಳು ಅಷ್ಟೆ.

ಮಾರನೆಯ ದಿನ ಭಾನುವಾರ, ಎಳ್ಳಮಾವಾಸ್ಯೆ. ಬೆಳಗಿನ ಜಾವದಿಂದಲೇ ರೊಟ್ಟಿ ಬಡಿಯುವ ಸದ್ದು ಮನೆಮನೆಯಿಂದಲೂ ಕೇಳಿಸಿತು. ಹಿಂದೆ ಚಕ್ಕಡಿಗೆ ಕೊಲ್ಲಾರಿ ಕಟ್ಟಿ ಎತ್ತಿಗೆ ಝೂಲ ಹಾಕಿ ಹೋಗುತ್ತಿದ್ದರಂತೆ. ಈಗ ನೆರೆಯವರ ಟ್ರಾಕ್ಟರಿನಲ್ಲಿ ಎಲ್ಲರೂ ಸೇರಿ ಹೋದೆವು. ಹೊಲದ ಬನ್ನಿಮರದ ಬುಡದಲ್ಲಿ ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸಿದರು. ಭೂತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು ಎಂಬುದು ಈ ಹಬ್ಬದ ಭಾವ. ತಂದ ಬುತ್ತಿಯಿಂದ ಒಂದೊಂದು ಪದಾರ್ಥವನ್ನೂ ಸ್ವಲ್ಪ ಸ್ವಲ್ಪ ತೆಗೆದು ಕಲಸಿ, ಹೊಲದ ನಾಲ್ಕು ದಿಕ್ಕಿಗೂ ಎರಚುತ್ತ ಹೋದರು. ಅದೇ ಚರಗ.

ಆಮೇಲೆ ಊಟ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಜೋಳದ ರೊಟ್ಟಿ, ಬದನೆಯ ಎಣ್ಣೆಗಾಯಿ, ಪುಂಡಿಪಲ್ಯ, ಹೆಸರುಕಾಳು, ಮಡಿಕೆಕಾಳಿನ ಉಸುಳಿ, ಅಗಸೆಯ ಹಿಂಡಿ, ಗುರೆಳ್ಳಿನ ಹಿಂಡಿ, ಶೇಂಗಾ ಹೋಳಿಗೆ, ಮೊಸರನ್ನ, ಕೈಯಲ್ಲಿ ಒಡೆದ ಹಸಿ ಉಳ್ಳಾಗಡ್ಡೆ. ಕೂರುವ ಕಂಬಳಿಯ ಪಕ್ಕದಲ್ಲೇ ಕಡಲೆಗಿಡದ ಸುಲಗಾಯಿ. ಆಹಾರಶಾಸ್ತ್ರಜ್ಞರು ಕುಳಿತು ಲೆಕ್ಕ ಹಾಕಿ ಬರೆದುಕೊಟ್ಟರೂ ಇದಕ್ಕಿಂತ ಸಮತೂಕದ ಊಟವನ್ನು ಬರೆಯಲಾರರು. ಧಾನ್ಯ ಎರಡು, ಬೇಳೆಕಾಳು ಮೂರು, ಎಣ್ಣೆಕಾಳು ನಾಲ್ಕು, ಸೊಪ್ಪು, ತರಕಾರಿ, ಮೊಸರು. ಇದೆಲ್ಲ ಒಂದು ಕಾಲಕ್ಕೆ ಇದೇ ಹೊಲದಲ್ಲಿ ಬೆಳೆಯುತ್ತಿದ್ದಿತು. ಸಜ್ಜೆ ಜೋಳಗಳ ನಡುನಡುವೆ ತೊಗರಿ, ಹೆಸರು, ಮಡಿಕೆ, ಗುರೆಳ್ಳು, ಪುಂಡಿ, ಅಗಸೆ, ಕುಸುಬೆ ಎಂದು ಸಾಲು ಬಿಡುವುದಕ್ಕೆ ಅಕ್ಕಡಿ ಎಂದು ಹೆಸರು. ಮುಖ್ಯ ಬೆಳೆ ಸಂತೆಗೆ, ಅಕ್ಕಡಿ ಸಾಲು ಅಡುಗೆಮನೆಗೆ.

ನಮಗೆ ಮೊದಲು ಬಡಿಸಿದರು. ಆಮೇಲೆ ಗಂಡಸರು, ಮಕ್ಕಳು, ನಂತರ ಮುದುಕಿ. ನಾವು ಮೂರನೆಯ ಹೋಳಿಗೆಗೆ ಕೈ ಚಾಚಿದ್ದಾಗ ನಮ್ಮ ಮನೆಯಾಕೆ ಮೆಲ್ಲನೆ ಮೊಣಕೈ ತಿವಿದರು. ತಿರುಗಿ ನೋಡಿದೆವು. ಬುಟ್ಟಿಯಲ್ಲಿ ಉಳಿದಿದ್ದುದು ಅಷ್ಟೇ. ಸೊಸೆ ಇನ್ನೂ ಉಂಡಿರಲಿಲ್ಲ. ಭೂತಾಯಿಯ ಬಸುರಿನ ಬಯಕೆ ತೀರಿದ್ದಿತು. ಈ ತಾಯಿಯ ಪಾಲಿಗೆ ಎರಡು ರೊಟ್ಟಿ, ತಳ ಕಂಡ ಎಣ್ಣೆಗಾಯಿ, ಹಿಂಡಿ. ಅವಳು ಅದನ್ನು ತೃಪ್ತಿಯಿಂದಲೇ ಉಂಡಳು. ಹಾಗೆ ಉಣ್ಣುವುದು ಆ ಮನೆಯ ರೀತಿ. ಸತ್ಯ ಹೇಳುವುದಾದರೆ ನಮ್ಮ ಅನೇಕರ ಮನೆಗಳ ರೀತಿಯೂ ಅದೇ.

ಮೂರನೆಯ ದಿನ ಸೋಮವಾರ. ಹಬ್ಬ ಮುಗಿದಿದ್ದಿತು. ಮಧ್ಯಾಹ್ನದ ಊಟಕ್ಕೆ ಬಿಳಿಯ ಅನ್ನ, ಹುಣಿಸೆ ಹುಳಿಗೆ ಖಾರ ಹಾಕಿ ಕುದಿಸಿದ ತಿಳಿಸಾರು, ಒಂದು ಚಿಟಿಕೆ ಹಿಂಡಿ. ಮಜ್ಜಿಗೆ ಇರಲಿಲ್ಲ. ಅತ್ತೆ ಸಂಕೋಚದಿಂದ, “ದಿನಾ ಇದೇ ನೋಡಪ್ಪಾ. ಹೊಟ್ಟಿ ತುಂಬ್ತದ, ಕಸುವು ಬರಂಗಿಲ್ಲ” ಎಂದಳು. ವ್ಯಾಧಿ ಕಳೆದ ಮೇಲಿನ ಅನ್ನದ ಸಮಸ್ಯೆಯನ್ನು ಇಷ್ಟು ಚಿಕ್ಕದಾಗಿಯೂ ಇಷ್ಟು ಸರಿಯಾಗಿಯೂ ಹೇಳಿದ ಮಾತನ್ನು ನಾವು ಬೇರೆಲ್ಲಿಯೂ ಕೇಳಿಲ್ಲ.

ಹೊಟ್ಟೆ ತುಂಬಿತೆಂಬುದು ಸಣ್ಣ ಮಾತಲ್ಲ. ಈ ಸೀಮೆಯ ಹಿರಿಯರ ನೆನಪಿನಲ್ಲಿ ಧಾತು ಈಶ್ವರ ಸಂವತ್ಸರಗಳ, ಎಂದರೆ 1876ರಿಂದ 78ರವರೆಗಿನ, ಬರಗಾಲದ ಕಥೆಗಳು ಇಂದಿಗೂ ಮಾಸಿಲ್ಲ. 1918ರಲ್ಲಿ ಇನ್‌ಫ್ಲುಯೆಂಜಾ ಜ್ವರ ಬಂದಾಗ ಅದೇ ವರ್ಷ ಮಳೆಯೂ ಕೈಕೊಟ್ಟಿತು. ಕಾಯಿಲೆಯೂ ಹಸಿವೂ ಕೂಡಿ ಹಿಂದೂಸ್ಥಾನದಲ್ಲಿ ಒಂದು ಕೋಟಿಗೂ ಮಿಕ್ಕ ಜನರನ್ನು ಒಯ್ದುವು. ಈ ಸಾರಿ ಹಾಗಾಗಲಿಲ್ಲ. 2013ರ ಆಹಾರ ಭದ್ರತಾ ಕಾಯಿದೆಯ ಮೇರೆಗೆ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ ಮೊದಲೇ ಸಲ್ಲುತ್ತಿದ್ದಿತು. 2020ರ ಏಪ್ರಿಲಿನಿಂದ ಅದರ ಮೇಲೆ ಇನ್ನೂ 5 ಕಿಲೋ ಉಚಿತವಾಗಿ ಬಂದಿತು. ನಡುವೆ ಕೆಲವು ತಿಂಗಳು ನಿಂತು, 2021ರ ಮೇ ತಿಂಗಳಿನಿಂದ ಮತ್ತೆ ಮೊದಲಾಗಿ, 2022ರ ಕೊನೆಯವರೆಗೂ ನಡೆಯಿತು. ಈ ಮನೆಯ ಏಳು ಜನರಿಗೆ ತಿಂಗಳಿಗೆ 70 ಕಿಲೋ, ಬಹುಪಾಲು ಅಕ್ಕಿ. ಅದಿಲ್ಲದಿದ್ದರೆ ಒಲೆ ಹೊತ್ತುತ್ತಿರಲಿಲ್ಲವೆಂದು ಮನೆಯ ಯಜಮಾನನೇ ಹೇಳಿದನು. ಕೃತಜ್ಞತೆಯನ್ನು ಮರೆತು ಮಾತನಾಡುವುದು ನ್ಯಾಯವಲ್ಲ.

ಆದರೆ ಲೆಕ್ಕವನ್ನು ತುಸು ಮುಂದುವರಿಸಿ ನೋಡೋಣ. ತಲೆಗೆ 10 ಕಿಲೋ ಎಂದರೆ ದಿನಕ್ಕೆ ಸುಮಾರು 333 ಗ್ರಾಮು ಅಕ್ಕಿ. ನೂರು ಗ್ರಾಮು ಬಿಳಿ ಅಕ್ಕಿಯಲ್ಲಿ ಕಬ್ಬಿಣದ ಅಂಶ ಒಂದು ಮಿಲಿಗ್ರಾಮಿಗೂ ಕಡಿಮೆ. ದಿನದ ಅಕ್ಕಿಯಿಂದೆಲ್ಲ ಸೇರಿ ದೊರೆಯುವುದು ಎರಡು ಮಿಲಿಗ್ರಾಮಿಗೆ ತುಸು ಹೆಚ್ಚು. ಗರ್ಭಿಣಿಗೆ ದಿನಕ್ಕೆ ಬೇಕೆಂದು ನಮ್ಮ ದೇಶದ ಪೋಷಣ ತಜ್ಞರು 2020ರಲ್ಲಿ ಗೊತ್ತು ಮಾಡಿದುದು 27 ಮಿಲಿಗ್ರಾಮು. ಅದೇ ತೂಕದ ಜೋಳದಲ್ಲಿ ಕಬ್ಬಿಣ ಅಕ್ಕಿಯ ಐದಾರು ಪಟ್ಟು, ಸಜ್ಜೆಯಲ್ಲಿ ಇನ್ನೂ ಹೆಚ್ಚು. ಇನ್ನು ಬೇಳೆ: 2020ರಲ್ಲಿ ಏಪ್ರಿಲಿನಿಂದ ನವೆಂಬರಿನವರೆಗೆ ಕುಟುಂಬವೊಂದಕ್ಕೆ ತಿಂಗಳಿಗೆ 1 ಕಿಲೋ ಬೇಳೆಯೋ ಕಡಲೆಯೋ ಸಿಕ್ಕಿತು. ಏಳು ಜನರ ಮನೆಯಲ್ಲಿ ಅದು ದಿನಕ್ಕೆ ತಲೆಗೆ 5 ಗ್ರಾಮಿಗೂ ಕಡಿಮೆ, ಒಂದು ಚಮಚದಷ್ಟೂ ಅಲ್ಲ. ಮುಂದೆ ಅದೂ ನಿಂತಿತು. ಅನ್ನ ಉಳಿಯಿತು, ಅನ್ನದ ಸುತ್ತ ಇರಬೇಕಾದುದು ಒಂದೊಂದಾಗಿ ತಟ್ಟೆಯಿಂದ ಎದ್ದುಹೋಯಿತು.

ಹೇಗೆ ಎದ್ದುಹೋಯಿತೆಂಬುದನ್ನು ಗಂಡನು ಅಂಗಳದಲ್ಲಿ ಕುಳಿತು ಹೇಳಿದನು. 2020ರ ಮಾರ್ಚಿನಲ್ಲಿ ಬೆಂಗಳೂರಿನ ಕಟ್ಟಡದ ಕೆಲಸ ನಿಂತಿತು. ಒಂದು ತಿಂಗಳಿಗೂ ಹೆಚ್ಚು ಕಾಲ ಗುಡಿಸಲಲ್ಲಿ ಕುಳಿತು ಕೈಯಲ್ಲಿದ್ದುದನ್ನು ತಿಂದರು. ಮೇ ತಿಂಗಳ ಮೊದಲ ವಾರದಲ್ಲಿ ಸರ್ಕಾರದ ಬಸ್ಸುಗಳು ಕೂಲಿಯವರನ್ನು ಉಚಿತವಾಗಿ ಊರಿಗೆ ಮುಟ್ಟಿಸಿದಾಗ ಬಂದು ಸೇರಿದರು. ಉದ್ಯೋಗ ಖಾತರಿಯ ಕೆಲಸದಲ್ಲಿ, ಆಗ ದಿನಕ್ಕೆ 275 ರೂಪಾಯಿನಂತೆ, ಹೊಲಕ್ಕೆ ಬದು ಹಾಕಿದರು. ಅದು ಬೇಸಿಗೆಗೆ ಆಧಾರವಾಯಿತು. ಮುಂಗಾರಿ ಬಂದಾಗ ಬೀಜಕ್ಕೆ ಗೊಬ್ಬರಕ್ಕೆ ಕೈಯಲ್ಲಿ ದುಡ್ಡಿಲ್ಲ, ಮಾವನಿಗೆ ಕಾಯಿಲೆ. ಆಷಾಢದಲ್ಲಿ ಹಿಂಡುವ ಎಮ್ಮೆಯನ್ನು ಮಾರಿದರು. ಎಲ್ಲರೂ ಮಾರುತ್ತಿದ್ದ ಕಾಲ. ನಲವತ್ತು ಸಾವಿರಕ್ಕೆ ಹೋಗಬೇಕಾದ ಎಮ್ಮೆ ಇಪ್ಪತ್ತೆರಡಕ್ಕೆ ಹೋಯಿತು. ಅಂದಿನಿಂದ ಮನೆಯಲ್ಲಿ ಮಜ್ಜಿಗೆಯಿಲ್ಲ. ಮರುವರ್ಷ ಎರಡನೆಯ ಅಲೆ. ಅಡುಗೆಯ ಎಣ್ಣೆಯ ಬೆಲೆ ಏರಿತು. ಬೆಳೆದ ತೊಗರಿಯನ್ನು ಮನೆಗೆ ಇಟ್ಟುಕೊಳ್ಳದೆ ಸಾಲಕ್ಕೆ ಅಳೆದುಕೊಟ್ಟರು. ಹೆಚ್ಚು ದುಡ್ಡು ಬರಲೆಂದು ಅಕ್ಕಡಿ ಸಾಲನ್ನೂ ಬಿಟ್ಟು ಇದ್ದ ನೆಲಕ್ಕೆಲ್ಲ ಹತ್ತಿಯನ್ನೇ ಹಾಕಿದರು. ಹಾಗಾದರೆ ನಿನ್ನೆ ಉಂಡ ಹೆಸರು, ಮಡಿಕೆ, ಪುಂಡಿ, ಗುರೆಳ್ಳು ಎಲ್ಲಿಂದ ಬಂದುವು? ನೆರೆಮನೆಯಿಂದ ಕಡ ತಂದುದು. ಚರಗವನ್ನು ಬಿಡುವಂತಿಲ್ಲವಲ್ಲ!

ಆ ನೆರೆಮನೆಗೂ ಹೋಗಿ ಕುಳಿತು ಬಂದೆವು. ಅವರೇನೂ ಸಿರಿವಂತರಲ್ಲ, ಇವರಷ್ಟೇ ಹೊಲ, ಇವರಂತೆಯೇ ಗುಳೆ ಹೋಗಿ ಬಂದವರು. ಆದರೆ ಆ ಮನೆಯ ಅಜ್ಜಿ ಹಟ ಹಿಡಿದು ಒಂದು ಎಕರೆಯನ್ನು ಸಜ್ಜೆ ಅಕ್ಕಡಿಗೆ ಬಿಡಿಸಿಕೊಂಡಿದ್ದಳು. ಹಿತ್ತಿಲಲ್ಲಿ ನಾಲ್ಕು ಕೋಳಿ, ಗೋಡೆಯ ಮೇಲೆ ಅವರೆಬಳ್ಳಿ, ಬಚ್ಚಲ ನೀರಿಗೆ ಒಂದು ನುಗ್ಗೆಮರ. ಕಾಯಿಲೆಯ ಎರಡು ವರ್ಷವೂ ಆ ಮನೆಯ ದುಡ್ಡಿನ ಚೀಲ ಖಾಲಿಯಾಗಿಯೇ ಇದ್ದಿತು. ಅಡುಗೆಯ ಗಡಿಗೆ ಮಾತ್ರ ಬರಿದಾಗಲಿಲ್ಲ. ಎರಡು ಮನೆಗಳ ನಡುವೆ ಇದ್ದುದು ಒಂದು ಮೊಳದ ಗೋಡೆ. ಭಾಗ್ಯದ ವ್ಯತ್ಯಾಸವೆಲ್ಲ ಆ ಒಂದು ಎಕರೆಯಲ್ಲಿಯೂ ನಾಲ್ಕು ಕೋಳಿಯಲ್ಲಿಯೂ ಅಡಗಿದ್ದಿತು.

ಅದೇ ಸೋಮವಾರ ಊರಿನ ಶಾಲೆಗೂ ಅಂಗನವಾಡಿಗೂ ಹೋದೆವು. ಅಂಗನವಾಡಿ ಎರಡು ತಿಂಗಳ ಕೆಳಗೆ ತೆರೆದಿದ್ದಿತು. ಅದುವರೆಗೆ ಕಾಳುಕಡಿಯನ್ನು ಮನೆಗೇ ಕೊಡುತ್ತಿದ್ದರು. ಮನೆಗೆ ಬಂದುದು ಒಂದು ಮಗುವಿನ ಪಾಲಾಗಿ ಉಳಿಯುವುದುಂಟೆ? ಏಳು ಜನರ ಗಡಿಗೆಯಲ್ಲಿ ಕರಗಿಹೋಗುವುದು. ಕಾರ್ಯಕರ್ತೆಯು ಪುಟ್ಟ ಹುಡುಗಿಯ ತೋಳಿಗೆ ಅಳತೆಯ ಪಟ್ಟಿ ಸುತ್ತಿ ತೋರಿಸಿದಳು. ಹನ್ನೆರಡೂವರೆ ಸೆಂಟಿಮೀಟರಿಗೆ ಮೇಲಿದ್ದರೆ ಹಸಿರು, ಹನ್ನೊಂದೂವರೆಗಿಂತ ಕೆಳಗೆ ಕೆಂಪು, ನಡುವೆ ಹಳದಿ. ನಮ್ಮ ಹುಡುಗಿ ಹಳದಿಯಲ್ಲಿದ್ದಳು. ವ್ಯಾಧಿ ಕಾಲಿಡುವುದಕ್ಕೆ ತುಸು ಮೊದಲು ನಮ್ಮ ರಾಜ್ಯದಲ್ಲಿ ನಡೆದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೇ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ರಷ್ಟು ಮಂದಿಗೆ ರಕ್ತಹೀನತೆ; ನೂರಕ್ಕೆ 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು; ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನ ರಕ್ತಹೀನರು. ವ್ಯಾಧಿ ಈ ಕೊರತೆಯನ್ನು ಹುಟ್ಟಿಸಲಿಲ್ಲ. ಇದ್ದ ಕೊರತೆಯ ಮೇಲೆ ಬಂದು ಕುಳಿತಿತು.

ಶಾಲೆಯಲ್ಲಿ ಅಂದು ಸಂಭ್ರಮವಿದ್ದಿತು. ಡಿಸೆಂಬರ್ ತಿಂಗಳಿನಿಂದ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಎಂಬ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮಧ್ಯಾಹ್ನದ ಊಟದೊಡನೆ ಮೊಟ್ಟೆ ಕೊಡುವುದು ಮೊದಲಾಗಿದ್ದಿತು. ಇಲ್ಲಿಯ ಮಾತಿನಲ್ಲಿ ಅದು ತತ್ತಿ. ಒಲ್ಲದವರಿಗೆ ಬಾಳೆಹಣ್ಣು. ಆ ಬಗ್ಗೆ ನಾಡಿನಲ್ಲಿ ವಾದವಿವಾದ ನಡೆದುದನ್ನು ವಾಚಕರು ಬಲ್ಲರು. ವಾದದ ಸದ್ದು ಈ ಹಳ್ಳಿಯ ಶಾಲೆಯ ಜಗಲಿಯನ್ನು ಮುಟ್ಟಿರಲಿಲ್ಲ. ಮಕ್ಕಳು ಸಿಪ್ಪೆ ಸುಲಿಯುವುದರಲ್ಲಿ ತಲ್ಲೀನರಾಗಿದ್ದರು. ಒಂದು ತತ್ತಿಯಲ್ಲಿ ಆರು ಗ್ರಾಮು ಒಳ್ಳೆಯ ಸಸಾರಜನಕವುಂಟು. ನಮ್ಮ ಮನೆಯ ಹುಡುಗ ಅರ್ಧ ತಿಂದು ಉಳಿದರ್ಧವನ್ನು ಅಂಗಿಯ ಕಿಸೆಗೆ ಇಳಿಬಿಟ್ಟನು. ಮಾಸ್ತರರು ಕಂಡು, “ಇಲ್ಲೇ ತಿನ್ನೋ ತಮ್ಮಾ” ಎಂದರು. ಹುಡುಗ ತಲೆ ತಗ್ಗಿಸಿ, “ತಂಗಿಗಿರಿ ಸರ” ಎಂದನು. ಮಾಸ್ತರರು ಮತ್ತೆ ಮಾತನಾಡಲಿಲ್ಲ. ನಮಗೂ ಮಾತು ಹೊರಡಲಿಲ್ಲ.

ಇನ್ನು ನಮ್ಮ ಬಾಕಿಯ ಸಂಗತಿ. 2020ರ ಮಾರ್ಚ್ ಕೊನೆಯಲ್ಲಿ ನಾವು ಆ ಹೆಣ್ಣುಮಗಳಿಗೆ, ಕಾಯಿಲೆಯ ಕಾಲ, ಕೆಲಸಕ್ಕೆ ಬರಬೇಡವೆಂದು ಹೇಳಿದೆವು. ಏಪ್ರಿಲಿನ ಸಂಬಳ ನಾಲ್ಕು ಸಾವಿರವನ್ನು ಪೂರ್ತಿ ಕೊಟ್ಟೆವು, ಜೊತೆಗೆ ಹತ್ತು ಕಿಲೋ ಅಕ್ಕಿ. ಮೇ ತಿಂಗಳಲ್ಲಿ ಅರ್ಧ. ಜೂನಿನಲ್ಲಿ, ಊರಿಗೆ ಹೋದವಳಿಗೆ ಸಂಬಳವೇನು ಎಂದು ಕೈಬಿಟ್ಟೆವು. ನಮ್ಮ ವರಮಾನ ಆಗ ಒಂದು ಕಾಸೂ ಕಡಿಮೆಯಾಗಿರಲಿಲ್ಲ. ಅವಳು ಕೇಳಲಿಲ್ಲ, ನಾವು ನೆನೆಯಲಿಲ್ಲ. ಅಕ್ಕಿ ಕೊಟ್ಟೆವೆಂಬ ಸಮಾಧಾನ ನಮಗೆ ಬಹಳ ದಿನ ಇದ್ದಿತು. ಈಗ ಅಂಗಳದಲ್ಲಿ ಕುಳಿತು ಎಮ್ಮೆಯ ಕಥೆ ಕೇಳುತ್ತಿದ್ದಾಗ, ಬೀಜಕ್ಕೂ ಔಷಧಕ್ಕೂ ಅಂದು ತುರ್ತಾಗಿ ಬೇಕಾಗಿದ್ದುದು ಎಂಟು ಸಾವಿರವೆಂದು ಅವನು ಸಹಜವಾಗಿ ಹೇಳಿದನು. ನಾವು ಮನಸ್ಸಿನಲ್ಲಿಯೇ ಕೂಡಿಸಿದೆವು. ಮೇ ತಿಂಗಳ ಉಳಿದರ್ಧ, ಜೂನು, ಜುಲೈ: ಹತ್ತು ಸಾವಿರ. ಎಮ್ಮೆ ಆ ಅಂಗಳದಲ್ಲಿಯೇ ಉಳಿಯಬಹುದಾಗಿತ್ತು.

ಇದನ್ನು ನಮ್ಮ ಮನೆಯಾಕೆ ಸೊಸೆಯೊಡನೆ ಬಾಯಿಬಿಟ್ಟು ಆಡಿಯೇಬಿಟ್ಟರು. ಅವಳು ತುಸು ಹೊತ್ತು ಸುಮ್ಮನಿದ್ದು, “ನೀವೊಬ್ರೇ ಏನಲ್ರಿ ಅಮ್ಮಾರ. ಮೂರು ಮನಿ ಕೆಲಸ ಮಾಡ್ತಿದ್ದೆ. ನೀವರ ಒಂದೂವರೆ ತಿಂಗಳು ಕೊಟ್ರಿ” ಎಂದಳು. ಅದು ಕ್ಷಮೆಯ ಮಾತು. ಆದರೆ ನಮಗೆ ಬೈಗುಳಿಗಿಂತ ಹೆಚ್ಚು ತಾಗಿತು. ಬಾಕಿಯ ಹಣವನ್ನು ಅಂದು ಅವಳ ಕೈಗಿತ್ತೆವು. ಹಣ ಸಂದರೂ ಎರಡು ವರ್ಷದ ಮಜ್ಜಿಗೆಯನ್ನು ಹಿಂದಕ್ಕೆ ತಂದುಕೊಡಲಾಗುವುದಿಲ್ಲವೆಂಬುದು ನಮಗೂ ಗೊತ್ತಿದ್ದಿತು.

ಹೊರಡುವ ಮೊದಲು ನಮ್ಮ ಮನೆಯಾಕೆ ಅತ್ತೆಯ ಬಳಿ ಕುಳಿತು, ಸೊಸೆಗೆ ಆರೋಗ್ಯ ಕೇಂದ್ರದವರು ಕೊಟ್ಟ ಕಬ್ಬಿಣದ ಗುಳಿಗೆಗಳನ್ನು ತಪ್ಪದೆ ನುಂಗಿಸಬೇಕೆಂದೂ, ಊಟದೊಡನೆ ಚಹಾ ಕೊಡಬಾರದೆಂದೂ, ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲವೆಂದೂ, ಸೊಪ್ಪುಕಾಳುಗಳ ಮೇಲೆ ನಿಂಬೆಯ ಹುಳಿ ಹಿಂಡಿದರೆ ಅದು ಚೆನ್ನಾಗಿ ಹತ್ತುವುದೆಂದೂ ಹೇಳಿದರು. ಮುದುಕಿ ಎಲ್ಲವನ್ನೂ ಕೇಳಿ, “ಮೊದಲ ಅಕಿಗೆ ಉಣ್ಣಾಕ ಹಾಕ್ತೀನಿ ಬಿಡವ್ವಾ” ಎಂದಳು. ಅಷ್ಟು ಉಪದೇಶದಲ್ಲಿ ಆಕೆ ಆರಿಸಿಕೊಂಡುದು ನಾವು ಹೇಳದೆ ಬಿಟ್ಟಿದ್ದ ಮಾತನ್ನು.

ಆ ವರ್ಷದ ಏಪ್ರಿಲಿನಲ್ಲಿ ಹೆಣ್ಣು ಕೂಸು ಹುಟ್ಟಿತೆಂದು ಫೋನು ಬಂದಿತು. ತೂಕ ಎರಡು ಕಿಲೋ ಮುನ್ನೂರು ಗ್ರಾಮು. ಇರಬೇಕಾದ ಎರಡೂವರೆಗೆ ಇನ್ನೂರು ಕಡಿಮೆ. ತಾಯಿ ಕ್ಷೇಮ. ಆ ಮುಂಗಾರಿಯಲ್ಲಿ ಅವರು ಹತ್ತಿಯ ನಡುವೆ ನೆರೆಯ ಅಜ್ಜಿಯಿಂದ ಬೀಜ ತಂದು ಒಂದಿಷ್ಟು ತೊಗರಿ, ಹೆಸರು, ಪುಂಡಿಯ ಸಾಲು ಬಿಟ್ಟರಂತೆ. 2023ರಲ್ಲಿ ನಾಡಿಗೆಲ್ಲ ಬರ ಬಂದಾಗ ಹತ್ತಿ ಒಣಗಿತು. ತೊಗರಿ ಮನೆಗಾಗುವಷ್ಟು ಬಂದಿತು. ಶಾಲೆಯ ಮೊಟ್ಟೆ ಮುಂದೆ ರಾಜ್ಯಕ್ಕೆಲ್ಲ ವಿಸ್ತರಿಸಿ, 2024ರ ಸೆಪ್ಟೆಂಬರಿನಿಂದ ಒಂದು ದತ್ತಿ ಸಂಸ್ಥೆಯ ನೆರವಿನಿಂದ ವಾರಕ್ಕೆ ಆರು ದಿನ ಸಿಗುವಂತಾಯಿತು. ಹುಡುಗನ ಕಿಸೆಯ ಅರ್ಧ ತತ್ತಿಗೆ ಇನ್ನು ಕೆಲಸವಿಲ್ಲ. ತಂಗಿಯೂ ಶಾಲೆಗೆ ಸೇರಿ ತನ್ನ ತತ್ತಿಯನ್ನು ತಾನೇ ಸುಲಿಯುವಳಂತೆ.

ಪಟ್ಟಣದ ಗೃಹಸ್ಥರಾದ ನಮಗೆ ಹೊಲವಿಲ್ಲ, ಹಗೇವಿಲ್ಲ. ಆದರೆ ಅನ್ನದ ಭದ್ರತೆ ಎಂಬುದು ಸರ್ಕಾರದ ಉಗ್ರಾಣದಲ್ಲಿ ಮೊದಲಾದರೂ ಮನೆಯ ತಟ್ಟೆಯಲ್ಲಿ ಮುಗಿಯತಕ್ಕುದು. ಆ ತಟ್ಟೆಗೂ ನಮಗೂ ಸಂಬಂಧವುಂಟು. ನಮ್ಮಲ್ಲಿ ದುಡಿಯುವವರಿಗೆ ಕಾಯಿಲೆಯ ಕಾಲದಲ್ಲಿ ಸಂಬಳ ತಪ್ಪಿಸಿದರೆ, ದೂರದ ಯಾವುದೋ ಅಂಗಳದಲ್ಲಿ ಒಂದು ಎಮ್ಮೆಯ ಹಗ್ಗ ಬಿಚ್ಚುವುದು. ದಾನ ಮಾಡುವಾಗ ಅಕ್ಕಿಯ ಚೀಲದೊಡನೆ ಬೇಳೆ, ಶೇಂಗಾ, ಎಣ್ಣೆಗಳನ್ನ ಇಟ್ಟರೆ ಅದು ಹೊಟ್ಟೆಗೂ ಆದೀತು, ಕಸುವಿಗೂ ಆದೀತು. ನಮ್ಮ ಮನೆಗಳಲ್ಲಿ ಕೊನೆಗೆ ಉಣ್ಣುವವರು ಯಾರು, ಅವರ ಪಾಲಿಗೆ ಉಳಿದುದೇನು ಎಂಬುದನ್ನು ದಿನಕ್ಕೊಮ್ಮೆ ತಿರುಗಿ ನೋಡುವುದಕ್ಕೆ ಖರ್ಚೇನೂ ಇಲ್ಲ.

ಆ ಸೋಮವಾರ ಸಂಜೆ ಬಸ್ಸಿಗೆ ಹೊರಟಾಗ ಸೊಸೆ ಒಂದು ಡಬ್ಬಿ ಅಗಸೆಯ ಹಿಂಡಿಯನ್ನು ನಮ್ಮ ಚೀಲಕ್ಕೆ ಹಾಕಿದಳು. ಬೇಡವೆಂದರೆ ಕೇಳಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ಅದನ್ನು ಒಂದು ತಿಂಗಳು ಉಂಡೆವು. ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ಎಲೆ ಹಾಕುತ್ತೇವೆ.